ಓಡುವ ಮಗುವಿಗೆ ನಿಲ್ಲುವುದನ್ನು ಕಲಿಸುವುದು: 3ರಿಂದ 5 ವರ್ಷದ ಮಕ್ಕಳ ಮೈ-ಮನಸ್ಸು ಬೆಳೆಸುವ ಆಟಗಳು, ಹೆಜ್ಜೆ ಹೆಜ್ಜೆಯಾಗಿ

ನಾಲ್ಕು ವರ್ಷದ ಮಗು ಓಡುತ್ತಿದೆ. ನೀವು "ನಿಲ್ಲು!" ಅಂತ ಕೂಗುತ್ತೀರಿ. ಅದು ನಿಲ್ಲುವುದಿಲ್ಲ. ಇನ್ನೂ ನಾಲ್ಕು ಹೆಜ್ಜೆ ಓಡಿ, ಗೋಡೆಗೋ ಇನ್ನೊಂದು ಮಗುವಿಗೋ ಡಿಕ್ಕಿ ಹೊಡೆದು ಆಮೇಲೆ ನಿಲ್ಲುತ್ತದೆ. ಎಷ್ಟು ಹೇಳಿದರೂ ಕೇಳಲ್ಲ ಅಂತ ನಾವು ಗದರುತ್ತೇವೆ. ಆದರೆ ಆ ಮಗುವಿಗೆ ಕೇಳಿಸಿದೆ. ನಿಲ್ಲಬೇಕು ಅಂತ ಅನಿಸಿದೆ ಕೂಡ. ಬ್ರೇಕ್ ಹಾಕುವ ಶಕ್ತಿ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಓಡುವ ಕಾಲನ್ನು ನಿಲ್ಲಿಸುವುದು, ಪಕ್ಕದ ಮಗುವಿನ ಆಟಿಕೆ ಕಸಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಉಕ್ಕಿ ಬಂದ ಸಿಟ್ಟನ್ನು ಒಂದು ಕ್ಷಣ ತಡೆದು ಬಾಯಲ್ಲಿ ಹೇಳುವುದು - ಇವೆಲ್ಲ ಬೇರೆ ಬೇರೆ ಅಂತ ಕಂಡರೂ ಮೂರಕ್ಕೂ ಬೇಕಾದದ್ದು ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ. ಮಿದುಳಿನ ಮುಂಭಾಗ ಈ ಕೆಲಸ ನೋಡಿಕೊಳ್ಳುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ. ಆದರೆ ಮೂರರಿಂದ ಐದು ವರ್ಷದ ನಡುವೆ ಈ ಶಕ್ತಿ ತುಂಬ ವೇಗವಾಗಿ ಬೆಳೆಯುತ್ತದೆ. ಮಗುವನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದರೆ ಬರುವಂಥದ್ದಲ್ಲ ಇದು. ಮೈ ಬಳಸಿ, ನಗುತ್ತಾ, ನೂರಾರು ಸಲ ಮಾಡಿ ಮಾಡಿ ಬರಬೇಕು.

ಈ ವಯಸ್ಸಿನ ಮಕ್ಕಳ ಜೊತೆ ಆಟದ ಕೋಣೆಯಲ್ಲಿ ಸಾಕಷ್ಟು ವರ್ಷ ಕಳೆದವಳು ನಾನು. ಅಲ್ಲಿ ಕಲಿತದ್ದನ್ನು, ಮಾಡಬಹುದಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಒಂದೇ ಮಗು ಇದ್ದರೂ ಆಗುತ್ತದೆ, ಇಪ್ಪತ್ತು ಮಕ್ಕಳ ತರಗತಿಯಾದರೂ ಆಗುತ್ತದೆ.

ಹೆಜ್ಜೆ 1: ಮೊದಲ ಒಂದು ವಾರ ಸುಮ್ನೆ ನೋಡಿ

ಏನನ್ನೂ ಕಲಿಸಬೇಡಿ. ಒಂದು ನೋಟ್‌ಪುಸ್ತಕ ಇಟ್ಟುಕೊಂಡು ನೋಡಿ, ಅಷ್ಟೇ. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಡುತ್ತದಾ, ಎರಡೂ ಕಾಲು ಒಂದೇ ಮೆಟ್ಟಿಲಿಗೆ ತಂದು ಆಮೇಲೆ ಮುಂದಕ್ಕೆ ಹೋಗುತ್ತದಾ? ನೆಗೆದಾಗ ಎರಡೂ ಪಾದ ಒಟ್ಟಿಗೆ ಏಳುತ್ತವಾ? ಚೆಂಡು ಬಂದಾಗ ಕಣ್ಣು ಮುಚ್ಚಿ ಮುಖ ತಿರುಗಿಸುತ್ತದಾ? ಬಿದ್ದಾಗ ಮೊದಲು ಯಾರ ಮುಖ ನೋಡುತ್ತದೆ? ಬೇರೆ ಮಕ್ಕಳು ಹತ್ತಿರ ಬಂದರೆ ಹಿಂದೆ ಸರಿಯುತ್ತದಾ, ಮೇಲೆ ಬಿದ್ದು ಹೋಗುತ್ತದಾ?

ಸಾಧಾರಣವಾಗಿ ಮೂರು ವರ್ಷಕ್ಕೆ ಮಕ್ಕಳು ಚೆನ್ನಾಗಿ ಓಡುತ್ತಾರೆ, ಎರಡೂ ಕಾಲೆತ್ತಿ ನೆಗೆಯುತ್ತಾರೆ, ಮೂರು ಚಕ್ರದ ಸೈಕಲ್ ತುಳಿಯಲು ಶುರು ಮಾಡುತ್ತಾರೆ. ಮೆಟ್ಟಿಲು ಹತ್ತುವುದು ದೊಡ್ಡವರ ಹಾಗೆಯೇ ಇದ್ದರೂ ಇಳಿಯುವಾಗ ಇನ್ನೂ ಎರಡು ಕಾಲು ಸೇರಿಸುತ್ತಾರೆ. ನಾಲ್ಕಕ್ಕೆ ದೊಡ್ಡ ಚೆಂಡನ್ನು ಬಹುತೇಕ ಸಲ ಹಿಡಿಯುತ್ತಾರೆ, ಕೆಲವು ಗುಂಡಿ ತಾವೇ ಬಿಚ್ಚುತ್ತಾರೆ. ಐದರ ಹೊತ್ತಿಗೆ ಒಂಟಿಕಾಲಲ್ಲಿ ಕುಂಟುತ್ತಾರೆ, ಕೆಲವು ಗುಂಡಿ ಹಾಕಿಕೊಳ್ಳುತ್ತಾರೆ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿಯಾಗಬೇಡಿ. ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಒಂದು ಮರ ಹತ್ತುವಷ್ಟು ಚುರುಕಾಗಿರುತ್ತದೆ, ಇನ್ನೊಂದು ಕೆಳಗೆ ನಿಂತು ಅದರ ಬಗ್ಗೆಯೇ ಉದ್ದನೆಯ ಕತೆ ಹೇಳುತ್ತಿರುತ್ತದೆ.

ವಾರದ ಕೊನೆಗೆ ನಿಮ್ಮ ಪುಸ್ತಕದಲ್ಲಿ ಎರಡು ವಿಷಯ ಇರಬೇಕು: ಮಗುವಿಗೆ ಈಗಾಗಲೇ ಬರುವ, ಖುಷಿಯಿಂದ ಮಾಡುವ ಒಂದು ಚಲನೆ, ಮತ್ತು ಅದು ಪದೇ ಪದೇ ಸೋಲುವ ಒಂದು ಸನ್ನಿವೇಶ. ಶುರು ಯಾವಾಗಲೂ ಮೊದಲನೆಯದರಿಂದ ಮಾಡಿ.

ಹೆಜ್ಜೆ 2: ದಿನದೊಳಗೆ ಹೊತ್ತು ಹುಡುಕಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು, ಅದರಲ್ಲಿ ಕನಿಷ್ಠ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು. ಕೂತು ಸ್ಕ್ರೀನ್ ನೋಡುವುದು ಒಂದು ಗಂಟೆ ದಾಟಬಾರದು, ಕಮ್ಮಿ ಆದಷ್ಟೂ ಒಳ್ಳೆಯದು. ನಿದ್ದೆ 10ರಿಂದ 13 ಗಂಟೆ. ತಳ್ಳುಗಾಡಿಯಲ್ಲೋ ಸೀಟಿನಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಿ ಕೂರಿಸಬಾರದು.

180 ನಿಮಿಷ ಅಂದ ತಕ್ಷಣ ಅಪ್ಪ ಅಮ್ಮಂದಿರ ಮುಖ ಬಾಡುತ್ತದೆ. ಮೂರು ಗಂಟೆ ಯಾರ ಹತ್ತಿರ ಇದೆ? ಆದರೆ ಅದನ್ನು ಒಟ್ಟಿಗೆ ಮಾಡಬೇಕಾಗಿಲ್ಲ. ಬೆಳಗ್ಗೆ ಬಚ್ಚಲಿಗೆ ಕಪ್ಪೆ ಹಾಗೆ ನೆಗೆದುಕೊಂಡು ಹೋಗುವುದು, ಒಗೆದ ಬಟ್ಟೆಯ ಬುಟ್ಟಿಯನ್ನು ಇಬ್ಬರೂ ಸೇರಿ ಎಳೆಯುವುದು, ಸಂಜೆ ಹೊರಗೆ ಓಡಾಟ, ಮಲಗುವ ಮುಂಚೆ ದಿಂಬಿನ ಮೇಲೆ ಬ್ಯಾಲೆನ್ಸ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಮಕ್ಕಳ ಓಟವೇ ಹಾಗೆ: ಬಿರುಸಾಗಿ ಅರ್ಧ ನಿಮಿಷ, ಆಮೇಲೆ ಒಂದು ಇರುವೆ ನೋಡುತ್ತಾ ಎರಡು ನಿಮಿಷ, ಮತ್ತೆ ಓಟ. ಈ ತುಂಡು ತುಂಡು ಲಯವನ್ನು ಕೆಡಿಸಬೇಡಿ.

ನೀವು ಜೊತೆಗಿದ್ದು ನಡೆಸುವ ಆಟಕ್ಕೆ 15 ನಿಮಿಷ ಸಾಕು. ಉಳಿದದ್ದು ಮಗುವಿನದೇ ಆಟವಾಗಿರಲಿ.

ಹೆಜ್ಜೆ 3: ಜಾಗ, ಸಾಮಾನು

ದುಬಾರಿ ಏನೂ ಬೇಡ. ನೆಲಕ್ಕೆ ಅಂಟಿಸುವ ಬಣ್ಣದ ಟೇಪು, ಎರಡು ದಿಂಬು, ಕೆಲವು ಬಲೂನು, ಒಂದು ದೊಡ್ಡ ಮೆತ್ತನೆಯ ಚೆಂಡು, ಸುತ್ತಿಟ್ಟ ಕಾಲುಚೀಲಗಳು, ಒಂದು ಬಕೆಟ್, ಒಂದು ಹಳೆಯ ಬೆಡ್‌ಶೀಟ್. ಇಷ್ಟರಲ್ಲಿ ಒಂದು ವರ್ಷ ಆಡಿಸಬಹುದು.

ಜಾಗ ನೋಡುವಾಗ ನೀವೇ ಮಂಡಿಯೂರಿ ಮಗುವಿನ ಎತ್ತರಕ್ಕೆ ಬನ್ನಿ. ಟೇಬಲ್‌ನ ಚೂಪು ಮೂಲೆ ನಿಮ್ಮ ಹಣೆಗೆ ನೇರ ಬಂತಾ? ಅದನ್ನು ಸರಿಸಿ. ನೆಲ ಒದ್ದೆಯಾಗಿರಬಾರದು. ನುಣುಪು ನೆಲದಲ್ಲಿ ಕಾಲುಚೀಲ ತೆಗೆಸಿ, ಬರಿಗಾಲೇ ಒಳ್ಳೆಯದು, ಬೆರಳುಗಳು ನೆಲವನ್ನು ಹಿಡಿಯಲು ಕಲಿಯುತ್ತವೆ. ಕುತ್ತಿಗೆಯ ಹತ್ತಿರ ದಾರ ನೇತಾಡುವ ಬಟ್ಟೆ ಬೇಡ, ಹತ್ತುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಒಡೆದ ಬಲೂನಿನ ಚೂರನ್ನು ಆಗಲೇ ಹೆಕ್ಕಿ ತೆಗೆಯಿರಿ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟಿ ಉಸಿರು ಕಟ್ಟಬಹುದು, ಇದರಲ್ಲಿ ಸ್ವಲ್ಪವೂ ಉದಾಸೀನ ಬೇಡ.

ಹೆಜ್ಜೆ 4: ಗೆರೆ, ನೆಗೆತ, ಚೆಂಡು

ಮೈ ಕೆಲಸವನ್ನು ಮೂರು ಬಗೆ ಅಂತ ನೋಡಬಹುದು. ಸಮತೋಲ, ಜಾಗ ಬದಲಿಸುವ ಚಲನೆ, ವಸ್ತುವನ್ನು ಆಡಿಸುವ ಕೌಶಲ. ದಿನಾ ಮೂರರಲ್ಲೂ ಸ್ವಲ್ಪ ಸ್ವಲ್ಪ ಇರಲಿ.

ಸಮತೋಲಕ್ಕೆ ಗೆರೆ. ಮಾರಿಯಾ ಮಾಂಟೆಸ್ಸರಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ. ನೆಲದ ಮೇಲೆ ಎಳೆದ ಗೆರೆಯ ಮೇಲೆ ಮಕ್ಕಳನ್ನು ನಡೆಸುವುದು ಅವರ ಪದ್ಧತಿಯಲ್ಲಿ ಈಗಲೂ ಇದೆ. ಟೇಪಿನಿಂದ ಮೂರು ಮೀಟರ್ ಗೆರೆ ಅಂಟಿಸಿ. ಮೊದಲು ಹೇಗಾದರೂ ಸರಿ, ಗೆರೆ ಮೇಲೆ ನಡೆಯಲಿ. ಆಮೇಲೆ ಹಿಮ್ಮಡಿಗೆ ಬೆರಳು ತಾಗುವ ಹಾಗೆ. ಆಮೇಲೆ ಕೈಯಲ್ಲಿ ಒಂದು ಗಂಟೆ, ಸದ್ದಾಗಬಾರದು. ಕೊನೆಗೆ ಅರ್ಧ ಲೋಟ ನೀರು. ನೀರಿನ ಲೋಟ ಕೈಗೆ ಬಂದ ಕೂಡಲೇ ಮನೆಯಲ್ಲೆಲ್ಲ ಓಡುತ್ತಿದ್ದ ಮಗು ಹೇಗೆ ಬದಲಾಗುತ್ತದೆ ಅನ್ನುವುದನ್ನು ನೀವೇ ನೋಡಬೇಕು. ನಾಲಗೆ ತುಟಿಯಿಂದ ಸ್ವಲ್ಪ ಹೊರಗೆ ಬಂದಿರುತ್ತದೆ, ಕಣ್ಣು ನೀರಿನ ಅಂಚಿನ ಮೇಲೆಯೇ ಇರುತ್ತದೆ, ಕಾಲು ಗಾಳಿಯಲ್ಲಿ ಒಂದು ಕ್ಷಣ ನಿಂತು ಆಮೇಲೆ ಇಳಿಯುತ್ತದೆ. "ನಿಧಾನ" ಅನ್ನುವ ಮಾತನ್ನು ಯಾರೂ ಹೇಳಬೇಕಾಗಿಲ್ಲ, ಲೋಟವೇ ಹೇಳುತ್ತದೆ. ಚೆಲ್ಲಿದರೆ ಬಟ್ಟೆ ಕೊಡಿ, ಅದೇ ಒರೆಸಲಿ. ಬೈಗುಳ ಬೇಡ.

ನೆಗೆತಕ್ಕೆ ಒಂದೇ ಒಂದು ಸೂಚನೆ ಸಾಕು: "ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿ." ಮಂಡಿ ಬಗ್ಗಿಸು, ಬೆನ್ನು ನೇರ ಮಾಡು ಅಂತ ಅಂಗ ಅಂಗಕ್ಕೂ ಹೇಳುತ್ತಾ ಹೋದರೆ ಮಗು ಗೊಂದಲಕ್ಕೆ ಬೀಳುತ್ತದೆ. ಸದ್ದಾಗಬಾರದು ಅಂದರೆ ಮಂಡಿ ತಾನೇ ಬಗ್ಗುತ್ತದೆ. ಮೊದಲು ನೆಲದಲ್ಲಿ ಟೇಪಿನ ಗೆರೆ ದಾಟಿ, ಆಮೇಲೆ ದಿಂಬಿನ ಮೇಲಿಂದ, ಆಮೇಲೆ ಕೊನೆಯ ಮೆಟ್ಟಿಲಿಂದ.

ಚೆಂಡಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇಲ್ಲೇ ಎಷ್ಟೋ ಮಕ್ಕಳು "ನನಗೆ ಬರಲ್ಲ" ಅಂತ ಮೊದಲ ಸಲ ಹೇಳುವುದನ್ನು ಕೇಳಿದ್ದೇನೆ. ತಪ್ಪು ಮಗುವಿನದ್ದಲ್ಲ. ನಾವು ಕೊಟ್ಟ ಚೆಂಡು ಸಣ್ಣದು, ಗಟ್ಟಿ, ಬರುವುದು ಬಿರುಸಾಗಿ. ಅದರ ಕಣ್ಣು ಚೆಂಡನ್ನು ಹಿಂಬಾಲಿಸುವಷ್ಟರಲ್ಲಿ ಮೂಗಿಗೆ ಬಡಿದಿರುತ್ತದೆ. ಆಮೇಲೆ ಯಾರಾದರೂ ಚೆಂಡು ಎತ್ತಿಕೊಂಡರೆ ಸಾಕು, ಕಣ್ಣು ಮುಚ್ಚುತ್ತದೆ.

ಹೀಗೆ ಮಾಡಿ. ಮೊದಲು ಇಬ್ಬರೂ ಕಾಲು ಅಗಲಿಸಿ ಎದುರು ಬದುರು ಕೂತು ದೊಡ್ಡ ಚೆಂಡನ್ನು ನೆಲದಲ್ಲೇ ಉರುಳಿಸಿ. ಎರಡನೆಯದಾಗಿ ಬಲೂನು. ಅದು ತೇಲುತ್ತಾ ಬರುತ್ತದೆ, ಮಗುವಿಗೆ ಕೈ ಸಿದ್ಧ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ, ಬಡಿದರೂ ನೋವಾಗುವುದಿಲ್ಲ. ಬಲೂನನ್ನು ನೆಲಕ್ಕೆ ಬೀಳಿಸದೆ ಎಷ್ಟು ಹೊತ್ತು ಆಡಿಸುತ್ತೀವಿ ಅಂತ ಇಬ್ಬರೂ ಸೇರಿ ಎಣಿಸಿ. ಮೂರನೆಯದಾಗಿ ಮೆತ್ತನೆಯ ದೊಡ್ಡ ಚೆಂಡು, ಒಂದು ಕೈಯಳತೆ ದೂರದಿಂದ, ಬಹುತೇಕ ಕೈಗೇ ಇಟ್ಟ ಹಾಗೆ. ಮಗು ಮೊದಮೊದಲು ಎರಡೂ ತೋಳಿನಿಂದ ಎದೆಗೆ ಅವುಚಿಕೊಳ್ಳುತ್ತದೆ. ಅದೇ ಸರಿಯಾದ ಹಂತ, ತಿದ್ದಬೇಡಿ. ಹತ್ತರಲ್ಲಿ ಏಳೆಂಟು ಸಲ ಹಿಡಿದ ಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ. ಸೋತರೆ ಮತ್ತೆ ಮುಂದೆ ಬನ್ನಿ, ಏನೂ ಹೇಳದೆ.

ಎಸೆಯುವುದಕ್ಕೆ ಸುತ್ತಿದ ಕಾಲುಚೀಲ ಚೆನ್ನ. ಚಿಕ್ಕ ಮಕ್ಕಳು ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತಾರೆ ಅಥವಾ ಎರಡೂ ಕಾಲು ನೆಟ್ಟು ನಿಲ್ಲುತ್ತಾರೆ. ಎದುರು ಕಾಲು ಮುಂದೆ ಬಂದರೆ ಎಸೆತಕ್ಕೆ ಇಡೀ ಮೈಯ ಬಲ ಸಿಗುತ್ತದೆ. ಬಲಗೈಯವರಾದರೆ ಎಡಗಾಲಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, "ಸ್ಟಿಕ್ಕರ್ ಕಾಲು ಮುಂದೆ" ಅನ್ನಿ. ಗುರಿ ಆಮೇಲೆ, ಮೊದಲು ಜೋರು. ಗೋಡೆಗೆ ಢಬ್ ಅಂತ ಬಡಿಯುವ ಹಾಗೆ ಎಸೆಯಲಿ. ಶುರುವಿನಲ್ಲೇ ಬಕೆಟ್ಟಿಗೆ ಸರಿಯಾಗಿ ಹಾಕು ಅಂದರೆ ಮಗು ಭುಜ ಬಿಗಿ ಹಿಡಿದು ಬರೀ ಮಣಿಕಟ್ಟಿನಿಂದ ತಳ್ಳುತ್ತದೆ.

ಹೆಜ್ಜೆ 5: ನಿಲ್ಲುವ ಆಟ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಂದನ್ನೇ ಮಾಡಲು ಹೊತ್ತಿದೆ ಅಂದರೆ ಇದನ್ನೇ ಮಾಡಿ. ಕೈಯಲ್ಲಿ ಒಂದು ಡಬ್ಬ, ಒಂದು ಚಮಚ ಇದ್ದರೆ ಆಯಿತು.

ಮೊದಲ ದಿನಗಳಲ್ಲಿ ನಿಲ್ಲಿಸುವುದೇ ಬೇಡ. ಡಬ್ಬ ನಿಧಾನ ಬಡಿದರೆ ನಿಧಾನ ನಡಿಗೆ, ಬೇಗ ಬಡಿದರೆ ಓಟ. ಕಿವಿ ಮತ್ತು ಕಾಲಿನ ನಡುವೆ ಒಂದು ನಂಟು ಬೆಳೆಯಲಿ. ಇದು ಸಲೀಸಾದ ಮೇಲೆ ಸದ್ದು ನಿಂತಾಗ ಕಲ್ಲಾಗಬೇಕು. ಶುರುವಿನಲ್ಲಿ ನಿಧಾನ ನಡಿಗೆಯಿಂದ ನಿಲ್ಲಿಸಿ, ಆಮೇಲೆ ಓಟದಿಂದ. ಓಟದಿಂದ ಒಮ್ಮೆಲೇ ನಿಲ್ಲುವುದು ಚಿಕ್ಕ ಮೈಗೆ ದೊಡ್ಡ ಕೆಲಸ.

ಮೂರನೇ ಹಂತದಲ್ಲಿ ಮಜಾ ಬರುತ್ತದೆ: ನಿಯಮ ತಿರುಗಿಸಿ. ಸದ್ದಾದಾಗ ನಿಲ್ಲಬೇಕು, ಸದ್ದು ನಿಂತಾಗ ಕುಣಿಯಬೇಕು. ಅಥವಾ ಹಸಿರು ಕಾಗದ ತೋರಿಸಿದರೆ ನಿಲ್ಲು, ಕೆಂಪು ತೋರಿಸಿದರೆ ಓಡು. "ತಲೆ ಮುಟ್ಟು" ಅಂದರೆ ಕಾಲು ಮುಟ್ಟಬೇಕು, "ಕಾಲು" ಅಂದರೆ ತಲೆ. ಕೈ ತಲೆಯ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ಕೆಳಗೆ ಹೋಗುತ್ತದಲ್ಲ, ಆ ಅರ್ಧ ದಾರಿಯ ನಿಲುಗಡೆಯೇ ನಾವು ಕಾಯುತ್ತಿದ್ದ ಬ್ರೇಕ್. ಅದು ಕಂಡಾಗ ಹೇಳಿ: "ನೋಡ್ದೆ ಪುಟ್ಟ, ನಿನ್ನ ಕೈ ಹೊರಟಿತ್ತು, ನೀನೇ ನಿಲ್ಲಿಸಿದೆ!"

ಅಮೆರಿಕದಲ್ಲಿ ಶಾನಾ ಟೊಮಿನಿ ಮತ್ತು ಮೇಗನ್ ಮೆಕ್‌ಲೆಲ್ಯಾಂಡ್ ಇಂಥ ಆಟಗಳನ್ನೇ ಇಟ್ಟುಕೊಂಡು ಶಾಲೆಗೆ ಮುಂಚಿನ ಮಕ್ಕಳ ಜೊತೆ ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಅರ್ಧ ಅರ್ಧ ಗಂಟೆಯ ಹದಿನಾರು ಆಟದ ಅವಧಿಗಳು. ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಶುರುವಿನಲ್ಲಿ ತಡೆದುಕೊಳ್ಳುವ ಶಕ್ತಿ ತೀರಾ ಕಮ್ಮಿ ಇದ್ದ ಮಕ್ಕಳಲ್ಲಿ ಸುಧಾರಣೆ ಕಂಡಿತು. ಅಂದರೆ ಯಾವ ಮಗುವನ್ನು ನಾವು "ಅವನು ಆಟ ಕೆಡಿಸುತ್ತಾನೆ" ಅಂತ ಪಕ್ಕಕ್ಕೆ ಕೂರಿಸುತ್ತೇವೋ ಅವನಿಗೇ ಈ ಆಟ ಬೇಕಾಗಿರುವುದು.

ಅದಕ್ಕೇ ದಯವಿಟ್ಟು ಈ ವಯಸ್ಸಿನಲ್ಲಿ "ನೀನು ಔಟ್, ಹೋಗಿ ಕೂತ್ಕೋ" ಅನ್ನುವ ನಿಯಮ ಇಡಬೇಡಿ. ನಿಲ್ಲಲು ಬಾರದ ಮಗು ಮೊದಲ ನಿಮಿಷಕ್ಕೇ ಔಟ್ ಆಗುತ್ತದೆ, ಚೆನ್ನಾಗಿ ನಿಲ್ಲಬಲ್ಲ ಮಗು ಕೊನೆಯ ತನಕ ಆಡುತ್ತದೆ. ಯಾರಿಗೆ ಅಭ್ಯಾಸ ಬೇಕಿತ್ತು? ಔಟ್ ಬದಲು ಚಿಕ್ಕ ಕೆಲಸ ಕೊಡಿ. ಅಲುಗಾಡಿದವರು ಮೂರು ಸಲ ಕಪ್ಪೆಯಾಗಿ ನೆಗೆದು ಮತ್ತೆ ಆಟಕ್ಕೆ ಬರಲಿ. ಕೊನೆಗೆ ಡಬ್ಬ ಮಗುವಿನ ಕೈಗೆ ಕೊಡಿ, ನೀವು ಓಡಿ, ನೀವು ನಿಲ್ಲಿ. ಆಗ ಅದರ ಮುಖ ನೋಡಿ.

ಹೆಜ್ಜೆ 6: ಒಟ್ಟಿಗೆ ಆಡುವುದು, ಸರದಿ ಕಾಯುವುದು

ಪಕ್ಕದಲ್ಲೇ ಕೂತಿದ್ದರೂ ಒಬ್ಬೊಬ್ಬರೇ ಆಡುವ ಮೂರು ವರ್ಷದ ಮಕ್ಕಳನ್ನು ನೋಡಿ "ಇವರಿಗೆ ಬೆರೆಯೋಕೇ ಬರಲ್ಲ" ಅನ್ನುವವರಿದ್ದಾರೆ. ಮಿಲ್ಡ್ರೆಡ್ ಪಾರ್ಟನ್ ಅನ್ನುವ ಸಂಶೋಧಕಿ 1932ರಲ್ಲೇ ಇದನ್ನು ಗಮನಿಸಿ ಬರೆದಿದ್ದರು: ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕ ಪಕ್ಕ ಆಡುವುದು, ಸಾಮಾನು ಕೊಟ್ಟು ತಗೊಂಡು ಆಡುವುದು, ಕೊನೆಗೆ ಒಂದೇ ಗುರಿ ಇಟ್ಟುಕೊಂಡು ಸೇರಿ ಆಡುವುದು. ವಯಸ್ಸಾದ ಹಾಗೆ ಸೇರಿ ಆಡುವುದು ಹೆಚ್ಚುತ್ತದೆ. ಪಕ್ಕ ಪಕ್ಕ ಆಡುವ ಮಗುವನ್ನು ಎಳೆದು ತಂಡಕ್ಕೆ ಸೇರಿಸಿದರೆ ಎರಡೂ ಕೆಡುತ್ತವೆ.

ಹಾಗಾಗಿ ಸರದಿಯನ್ನು ಚಿಕ್ಕದರಿಂದ ಶುರು ಮಾಡಿ. ಇಬ್ಬರು ಮಕ್ಕಳು, ಒಂದು ಚೆಂಡು, ಹತ್ತು ಸೆಕೆಂಡಿನ ಕಾಯುವಿಕೆ. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ನೆಗೆಸಿದರೆ ಕೊನೆಯ ಮಗು ಮುಂದಿನವರನ್ನು ತಳ್ಳದೆ ಇನ್ನೇನು ಮಾಡಬೇಕು? ಸಾಲು ಉದ್ದ ಆದರೆ ಎರಡು ಮೂರು ಸಾಲು ಮಾಡಿ. ಕಾಯುವವರಿಗೂ ಮೈ ಕೆಲಸ ಕೊಡಿ: ಆಡುವವರ ನೆಗೆತ ಎಣಿಸುವುದು, ಚಪ್ಪಾಳೆಯಲ್ಲಿ ತಾಳ ಹಾಕುವುದು, ಬಕೆಟ್ ಹಿಡಿಯುವುದು. "ಕಾಯಿ" ಅನ್ನುವ ಮಾತಿಗಿಂತ "ಇವಳಾದ ಮೇಲೆ ನೀನು" ಅನ್ನುವುದು ಮಗುವಿಗೆ ಬೇಗ ಅರ್ಥವಾಗುತ್ತದೆ.

ಸೇರಿ ಆಡಲು ಬೆಡ್‌ಶೀಟ್ ಆಟಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಾಲ್ಕಾರು ಮಕ್ಕಳು ಸುತ್ತ ಹಿಡಿಯುತ್ತಾರೆ, ನಡುವೆ ಒಂದು ಹಗುರ ಚೆಂಡು. ಬೀಳಿಸದೆ ಕುಣಿಸಬೇಕು. ಒಬ್ಬ ಜೋರಾಗಿ ಎಳೆದರೆ ಚೆಂಡು ಹಾರಿ ಹೋಗುತ್ತದೆ, ಒಬ್ಬ ಕೈಬಿಟ್ಟರೆ ಆ ಮೂಲೆಯಿಂದ ಉರುಳಿ ಹೋಗುತ್ತದೆ. ನಾಲ್ಕೈದು ಸಲ ಬಿದ್ದ ಮೇಲೆ ಯಾರಾದರೊಬ್ಬರು "ಏ, ನಿಧಾನ ಮಾಡೋ" ಅನ್ನುತ್ತಾರೆ. ಆಗ ನೀವು ಬಾಯಿ ಮುಚ್ಚಿಕೊಂಡಿರಬೇಕು. ನಿಜಕ್ಕೂ ಕಷ್ಟ, ಹೇಳಿಕೊಡಬೇಕು ಅಂತ ನಾಲಗೆ ತುರಿಸುತ್ತದೆ. ಆದರೆ ಆ ಮಾತು ಮಗುವಿನ ಬಾಯಿಂದ ಬಂದರೆ ಉಳಿದ ಮಕ್ಕಳು ಕೇಳುತ್ತಾರೆ, ನಮ್ಮ ಬಾಯಿಂದ ಬಂದರೆ ಅದು ಇನ್ನೊಂದು ಆಜ್ಞೆ ಅಷ್ಟೇ.

ದೂರ ನಿಲ್ಲುವ ಮಗುವಿದ್ದರೆ

ಒಂದು ಹುಡುಗಿ ವಾರಗಟ್ಟಲೆ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿರುತ್ತಿದ್ದಳು. ಕರೆದರೆ ತಲೆ ಅಲ್ಲಾಡಿಸುತ್ತಿದ್ದಳು. ಮೊದಲೆರಡು ದಿನ ನಾನು ಕೈ ಹಿಡಿದು ಕರೆತಂದೆ, ಎರಡೂ ದಿನ ಅತ್ತಳು. ಅದು ನನ್ನ ತಪ್ಪು. ಆಮೇಲೆ ಬಿಟ್ಟುಬಿಟ್ಟೆ. ಕೊನೆಗೊಂದು ದಿನ ಸದ್ದಿಲ್ಲದೆ ಡಬ್ಬ ಮತ್ತು ಚಮಚ ಅವಳ ಹತ್ತಿರ ಇಟ್ಟು ಬಂದೆ. ಹಾಗೆ ಇಟ್ಟ ಮೂರನೇ ದಿನ ಡಬ್ಬ ಬಡಿದಳು, ಮಕ್ಕಳೆಲ್ಲ ಓಡಿದರು. ನಿಲ್ಲಿಸಿದಳು, ಎಲ್ಲರೂ ನಿಂತರು. ಇಷ್ಟೊಂದು ಮಕ್ಕಳು ತನ್ನ ಕೈಯ ಸದ್ದಿಗೆ ನಿಲ್ಲುತ್ತಾರೆ ಅಂತ ಗೊತ್ತಾದಾಗ ಅವಳ ಬೆನ್ನು ಗೋಡೆಯಿಂದ ಬಿಟ್ಟುಕೊಂಡಿತು. ಬೆಡ್‌ಶೀಟಿನ ಮೂಲೆ ಹಿಡಿಯಲು ಇನ್ನೂ ಹತ್ತು ದಿನ ಬೇಕಾಯಿತು.

ನಿಂತು ನೋಡುವುದೂ ಭಾಗವಹಿಸುವುದೇ. ಆ ಮಗು ನಿಯಮ ಕಲಿಯುತ್ತಿದೆ, ಯಾರು ತಳ್ಳುತ್ತಾರೆ, ಯಾರು ತಳ್ಳುವುದಿಲ್ಲ ಅಂತ ನೋಡಿಕೊಳ್ಳುತ್ತಿದೆ. "ನಾಚಿಕೆ ಸ್ವಭಾವ" ಅಂತ ಅದರ ಎದುರಿಗೇ ಹಣೆಪಟ್ಟಿ ಹಚ್ಚಬೇಡಿ. ಗದ್ದಲವೇ ಹಿಂಸೆ ಆಗುವ ಮಕ್ಕಳೂ ಇದ್ದಾರೆ, ಅವರಿಗೆ ಒಬ್ಬ ಗೆಳೆಯ, ಒಂದು ಮೂಲೆ, ಸಣ್ಣ ದನಿ ಸಾಕು.

ಹೆಜ್ಜೆ 7: ಸಿಟ್ಟು, ಸೋಲು, ತಳ್ಳಾಟ

ಓಡಿ ಬಂದ ಕೂಡಲೇ ಮಗುವಿನ ಕೈಯನ್ನು ಅದರ ಎದೆ ಮೇಲೆ ಇಡಿಸಿ. "ಢವಢವ ಅಂತಿದೆ ಅಲ್ವಾ?" ಸ್ವಲ್ಪ ಹೊತ್ತು ಕೂತ ಮೇಲೆ ಮತ್ತೆ ಇಡಿಸಿ, ಈಗ ನಿಧಾನ. ಇದನ್ನು ದಿನಾ ಮಾಡಿ. ಯಾಕೆಂದರೆ ಸಿಟ್ಟು ಬಂದಾಗಲೂ ಹೆದರಿದಾಗಲೂ ಎದೆ ಹೀಗೇ ಬಡಿಯುತ್ತದೆ. ಅಳು-ರಂಪದ ನಡುವೆ ಹೊಸದಾಗಿ ಏನನ್ನೂ ಕಲಿಸಲು ಆಗುವುದಿಲ್ಲ. ಆದರೆ ಆಟದಲ್ಲಿ ಐವತ್ತು ಸಲ ಕಂಡದ್ದನ್ನು ನೆನಪಿಸಬಹುದು: "ನಿನ್ನ ಎದೆ ಮತ್ತೆ ಢವಢವ ಅಂತಿದೆ. ಬಾ, ಗೋಡೆ ತಳ್ಳೋಣ." ಎರಡೂ ಅಂಗೈ ಗೋಡೆಗೆ ಒತ್ತಿ, ಬಲವಾಗಿ, ಹತ್ತು ಎಣಿಸುವ ತನಕ. ಸಿಟ್ಟು ಬಂದ ಮೈಗೆ ಬಲ ಹಾಕಲು ಏನಾದರೂ ಬೇಕು. ಹೊಡೆಯಬೇಡ ಅಂತ ಮಾತ್ರ ಹೇಳಿ ಬಿಟ್ಟರೆ ಆ ಬಲ ಹೋಗುವುದೆಲ್ಲಿಗೆ?

ಸೋಲಿನ ವಿಷಯ. ನಾಲ್ಕು ವರ್ಷದ ಮಗು ಓಟದಲ್ಲಿ ಸೋತು ಅತ್ತರೆ ಅದು ದೊಡ್ಡ ತಪ್ಪೇನಲ್ಲ. ಮೊದಲ ಕೆಲವು ತಿಂಗಳು ಗೆಲ್ಲುವ-ಸೋಲುವ ಆಟವೇ ಬೇಡ, "ನಿನ್ನೆ ಬಲೂನು ಆರು ಸಲ ಆಡಿಸಿದ್ವಿ, ಇವತ್ತು?" ಅನ್ನುವಂಥದ್ದು ಸಾಕು. ಆಮೇಲೆ ಚಿಕ್ಕ ಚಿಕ್ಕ ಸೋಲು ಬರಲಿ. ಪ್ರತಿ ಸಲ ಬೇಕೆಂದೇ ಸೋತು ಮಗುವನ್ನು ಗೆಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ, ಹೊರಗೆ ಬೇರೆ ಮಕ್ಕಳು ಹಾಗೆ ಮಾಡುವುದಿಲ್ಲವಲ್ಲ.

ಉರುಳಾಡಿ ಮೈಮೇಲೆ ಬಿದ್ದು ಆಡುವುದನ್ನು ಕಂಡ ಕೂಡಲೇ ಜಗಳ ಅಂದುಕೊಳ್ಳಬೇಡಿ. ಮುಖ ನೋಡಿ. ಆಟವಾದರೆ ನಗು ಇರುತ್ತದೆ, ಮೈ ಸಡಿಲ ಇರುತ್ತದೆ, ಒಮ್ಮೆ ಇವನು ಮೇಲೆ, ಒಮ್ಮೆ ಅವನು ಮೇಲೆ, ಬಿಡಿಸಿಕೊಂಡವನು ಮತ್ತೆ ತಾನೇ ಬರುತ್ತಾನೆ. ಜಗಳವಾದರೆ ಹಲ್ಲು ಕಚ್ಚಿರುತ್ತದೆ, ಮುಷ್ಟಿ ಬಿಗಿದಿರುತ್ತದೆ, ಬಿಟ್ಟ ಕೂಡಲೇ ಒಬ್ಬ ದೂರ ಓಡುತ್ತಾನೆ. ಆಟವಾಗಿದ್ದರೆ ಎರಡು ನಿಯಮ ಇಡಿ: ತಲೆ, ಕುತ್ತಿಗೆ ಮುಟ್ಟುವಂತಿಲ್ಲ, "ಸಾಕು" ಅಂದ ಕೂಡಲೇ ನಿಲ್ಲಬೇಕು. ಡಬ್ಬದ ಸದ್ದಿಗೆ ನಿಲ್ಲಲು ಕಲಿತ ಮಗು ಗೆಳೆಯನ "ಸಾಕು" ಮಾತಿಗೂ ನಿಲ್ಲುತ್ತದೆ. ಮೊದಲ ದಿನವೇ ಅಲ್ಲ, ನಿಧಾನಕ್ಕೆ.

ಹೆಜ್ಜೆ 8: "ಹುಷಾರು" ಅನ್ನುವುದನ್ನು ಕಮ್ಮಿ ಮಾಡಿ

ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಸಾಹಸದ ಆಟವನ್ನು ಆರು ಬಗೆಯಾಗಿ ಗುರುತಿಸಿದರು. ಎತ್ತರ, ವೇಗ, ಅಪಾಯದ ಉಪಕರಣ, ನೀರು-ಬೆಂಕಿಯಂಥ ಅಪಾಯದ ಜಾಗ, ಕುಸ್ತಿಯಂಥ ತಳ್ಳಾಟ, ದೊಡ್ಡವರ ಕಣ್ಣು ತಪ್ಪಿಸಿ ಹೋಗುವುದು. ಇವೆಲ್ಲಕ್ಕೂ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಿ ಅನ್ನುತ್ತಿಲ್ಲ ನಾನು. ನೀರು-ಬೆಂಕಿಯ ಹತ್ತಿರ ನೀವು ಕೈಯಳತೆಯಲ್ಲೇ ಇರಬೇಕು. ಆದರೆ ತನ್ನ ಭುಜದೆತ್ತರದ ಕಟ್ಟೆ ಹತ್ತುವ ಮಗುವಿಗೆ ಹತ್ತು ಸಲ "ಹುಷಾರು, ಹುಷಾರು" ಅಂದರೆ ಅದಕ್ಕೆ ಸಿಗುವ ಮಾಹಿತಿ ಏನು? ನಮ್ಮ ಹೆದರಿಕೆ ಮಾತ್ರ. ಬದಲಿಗೆ "ಇನ್ನೊಂದು ಕಾಲು ಎಲ್ಲಿಡ್ತೀಯ?", "ಆ ಕಲ್ಲು ಅಲುಗುತ್ತಾ ನೋಡು" ಅನ್ನಿ. ತಾನಾಗಿ ಹತ್ತಲಾರದ ಜಾಗಕ್ಕೆ ಎತ್ತಿ ಕೂರಿಸಬೇಡಿ. ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಬಹುತೇಕ ಗೊತ್ತಿರುತ್ತದೆ.

ಬಿದ್ದರೆ ಓಡಿ ಹೋಗಿ ಎತ್ತುವ ಮುಂಚೆ ಎರಡು ಉಸಿರು ತಡೆಯಿರಿ. ಮಗು ನಿಮ್ಮ ಮುಖ ನೋಡುತ್ತದೆ, ಅಲ್ಲಿ ಗಾಬರಿ ಕಂಡರೆ ತಾನೂ ಅಳುತ್ತದೆ. ತಲೆಗೆ ಪೆಟ್ಟಾಗಿ, ಆಮೇಲೆ ಪದೇ ಪದೇ ವಾಂತಿ, ಮಂಪರು, ಎಚ್ಚರ ತಪ್ಪುವುದು, ವಿಚಿತ್ರ ವರ್ತನೆ ಕಂಡರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಜ್ಜೆ 9: ಬೆರಳು, ಆಮೇಲೆ ವಿಶ್ರಾಂತಿ

ಬರೆಯುವ ಕೈ ಭುಜದಿಂದ ಶುರುವಾಗುತ್ತದೆ. ಜೋತಾಡುವುದು, ತೆವಳುವುದು, ಗೋಡೆ ತಳ್ಳುವುದು ಭುಜ-ತೋಳನ್ನು ಗಟ್ಟಿ ಮಾಡಿದರೆ ಬೆರಳಿಗೆ ಕೆಲಸ ಸುಲಭ. ಹಿಟ್ಟು ನಾದುವುದು, ಬಟ್ಟೆ ಕ್ಲಿಪ್ ಒತ್ತುವುದು, ಸ್ಪಂಜು ಹಿಂಡಿ ನೀರು ತುಂಬುವುದು, ಗುಂಡಿ ಬಿಚ್ಚುವುದು ಇಷ್ಟು ಇದ್ದರೆ ಮೂರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಆತುರ ಬೇಕಾಗಿಲ್ಲ.

ಆಟ ಒಮ್ಮೆಲೇ ನಿಲ್ಲಿಸಬೇಡಿ. ಓಟದಿಂದ ಆನೆ ನಡಿಗೆ, ಆನೆಯಿಂದ ಆಮೆ, ಆಮೆಯಿಂದ ನೆಲದ ಮೇಲೆ ಅಂಗಾತ. ಹೊಟ್ಟೆ ಮೇಲೆ ಒಂದು ಚಿಕ್ಕ ಗೊಂಬೆ ಇಡಿ, ಉಸಿರಿನ ಜೊತೆ ಗೊಂಬೆ ಏಳುತ್ತದೆ, ಇಳಿಯುತ್ತದೆ. ಗೊಂಬೆಯನ್ನು ಮಲಗಿಸಬೇಕು ಅಂದರೆ ಉಸಿರು ನಿಧಾನ ಆಗಬೇಕು. ಎರಡು ನಿಮಿಷ ಸಾಕು. ನೀರು ಕುಡಿಸಿ.

ಯಾವಾಗ ವೈದ್ಯರಿಗೆ ತೋರಿಸಬೇಕು

ಇಷ್ಟೆಲ್ಲ ಆಡಿಸಿದರೂ ಕೆಲವು ವಿಷಯ ಆಟದಿಂದ ಸರಿಹೋಗುವುದಿಲ್ಲ, ಅವನ್ನು ಮುಂದೂಡಬಾರದು. ಮೊದಲು ಬರುತ್ತಿದ್ದ ಕೌಶಲ ಅಥವಾ ಮಾತು ಈಗ ಇಲ್ಲ ಅಂದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಿ. ಮೈಯ ಒಂದೇ ಬದಿಯನ್ನು ಬಳಸುವುದು, ಯಾವಾಗಲೂ ತುದಿಗಾಲಲ್ಲೇ ನಡೆಯುವುದು, ಮೂರು ವರ್ಷ ದಾಟಿದರೂ ಪದೇ ಪದೇ ಬೀಳುವುದು, ನಾಲ್ಕಾದರೂ ಎರಡೂ ಕಾಲೆತ್ತಿ ನೆಗೆಯಲು ಆಗದಿರುವುದು ಇವನ್ನೂ ಗಮನಿಸಿ. ನೆಲದಿಂದ ಏಳುವಾಗ ಪ್ರತಿ ಸಲ ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡ ಹಾಗೆ ಎದ್ದರೆ ಸ್ನಾಯು ದುರ್ಬಲ ಇರಬಹುದು, ಅದನ್ನು ಸೋಮಾರಿತನ ಅನ್ನಬೇಡಿ. ಬೇರೆ ಮಕ್ಕಳ ಕಡೆ ಆಸಕ್ತಿಯೇ ಇಲ್ಲ, ಕರೆದರೆ ತಿರುಗುವುದಿಲ್ಲ ಅಂದರೂ ಕೇಳಿ. ಮೈ ಕೈ ಹೊಂದಾಣಿಕೆಯ ತೊಂದರೆ ಅಂತ ವೈದ್ಯರು ಸಾಮಾನ್ಯವಾಗಿ ಐದು ವರ್ಷಕ್ಕೆ ಮುಂಚೆ ಖಚಿತವಾಗಿ ಹೇಳುವುದಿಲ್ಲ, ಆದರೆ ಸಹಾಯ ಶುರು ಮಾಡಲು ಆ ಹೆಸರು ಬರುವ ತನಕ ಕಾಯಬೇಕಾಗಿಲ್ಲ.

ಹೋಗುವಾಗ ಮೊದಲ ವಾರದ ನೋಟ್‌ಪುಸ್ತಕ ತಗೊಂಡು ಹೋಗಿ. ಫೋನಿನಲ್ಲಿ ಎರಡು ನಿಮಿಷದ ವೀಡಿಯೋ ಇರಲಿ: ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು, ಚೆಂಡು ಹಿಡಿಯುವುದು. ಹೊಸ ಕೋಣೆಯಲ್ಲಿ, ಹೊಸ ಮುಖದ ಮುಂದೆ, ಎಷ್ಟೋ ಮಕ್ಕಳು ಅಮ್ಮನ ಮಡಿಲು ಬಿಟ್ಟು ಇಳಿಯುವುದೇ ಇಲ್ಲ.